ತುಟಿ ಬಿಚ್ಚದೆ ತಂದ ಗಣಪ

ಒಂದಾನೊಂದು ಕೆಂಪು ಬಸ್ಸಿನಲ್ಲಿ ಮಾತಾಡಬಾರದ ಹುಡುಗಿಯೊಬ್ಬಳು ಕೂತಿದ್ದಳು. ಅವಳು ನಾನೇ. ಶಿವಾರಪಟ್ಟಣದಲ್ಲಿ ಕೆತ್ತಿಸಿದ ಗೇಣುದ್ದದ ಕಲ್ಲು ಗಣಪನನ್ನು ಕೋಲಾರದ ಮನೆ ಮುಟ್ಟಿಸುವವರೆಗೂ ತುಟಿ ಬಿಚ್ಚುವುದಿಲ್ಲವೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ನಮ್ಮ ಮನೆಯ ಕಟ್ಟಳೆ ಅದು. ದಾರಿಯಲ್ಲಿ ಮಾತಾಡಿದರೆ ದೇವರು ಹಿಂದಕ್ಕೆ ಹೊರಟುಬಿಡುತ್ತಾನಂತೆ.

ಮಾಲೂರಿನಲ್ಲಿ ಹತ್ತಿದ ಹೆಂಗಸು ತನ್ನ ಎರಡು ಮಕ್ಕಳನ್ನು ನನ್ನ ಪಕ್ಕ ತುರುಕಿದಳು. ದೊಡ್ಡದು ಯಾರದೋ ಮೊಬೈಲಿನ ಹಾಡನ್ನೂ ಮೀರಿಸಿ ಕಿರುಚುತ್ತಿತ್ತು. ಚಿಕ್ಕದು ಮಾವಿನ ಓಟೆ ಚೀಪಿ ಕೈಯನ್ನು ನನ್ನ ದುಪ್ಪಟ್ಟಾಕ್ಕೆ ಒರೆಸಿತು. ಆಮೇಲೆ ಸಿಂಬಳವನ್ನೂ ಒರೆಸಿತು.

“ಯಾವೂರಮ್ಮಾ ನಿಂದು?” ಎಂದಳು ತಾಯಿ. ನಾನು ಸುಮ್ಮನೆ ಕಣ್ಣು ಕೆಕ್ಕರಿಸಿದೆ.

“ಪಾಪ, ಅಕ್ಕಂಗೆ ಕಿವೀನೂ ಇಲ್ಲ, ಬಾಯೂ ಇಲ್ಲ ಕಣೋ. ನೀನು ಕೂಗ್ಕೋ.”

ದೊಡ್ಡದು ನನ್ನ ಕಿವಿಯೊಳಗೇ ಕೂಗಿ ಪರೀಕ್ಷೆ ಮಾಡಿತು. ಗಂಟಲಿಗೆ ಬಂದ ಬೈಗುಳವನ್ನು ಕೋಲಾರದವರೆಗೂ ನುಂಗುತ್ತಲೇ ಬಂದೆ.

ಗಣಪನನ್ನು ಅಜ್ಜಿಯ ಮಡಿಲಲ್ಲಿಟ್ಟೆ.

“ಒಂದ್ ಮಾತೂ ಆಡ್ಲಿಲ್ವೇನೇ?”

“ಇಲ್ಲಜ್ಜಿ. ಬಿಸಿನೀರಿದ್ಯಾ? ಸ್ನಾನ ಮಾಡ್ಬೇಕು.”