ಗದ್ದಲಪ್ಪನ ಎರಡು ಸೆಕೆಂಡು

ಊರಿಗೆಲ್ಲ ಅವನು ಗದ್ದಲಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಕಚೇರಿಯ ಹಾಜರಿ ಪುಸ್ತಕದಿಂದ ಆಚೆಗೆ ಬಂದದ್ದೇ ಇಲ್ಲ. ತಮಾಷೆ ಏನೆಂದರೆ, ಅಷ್ಟು ಕಡಿಮೆ ಮಾತಾಡುವ ಮನುಷ್ಯ ಆ ಬೀದಿಯಲ್ಲೇ ಇನ್ನೊಬ್ಬ ಇರಲಿಲ್ಲ. ಒಪ್ಪಿಗೆಗೂ "ಹ್ಞೂಂ", ಸಿಟ್ಟಿಗೂ "ಹ್ಞೂಂ", ಮೈಯಲ್ಲಿ ಜ್ವರ ಬಂದು ಕೆಂಡವಾಗಿದ್ದರೂ "ಹ್ಞೂಂ". ಯಾವ ಹ್ಞೂಂಗೆ ಯಾವ ಅರ್ಥ ಅಂತ ಹೆಂಡತಿಗೆ ಮಾತ್ರ ಗೊತ್ತಾಗುತ್ತಿತ್ತು. ಅವಳಿಗೂ ಆಗಾಗ ತಪ್ಪುತ್ತಿತ್ತು.

ಅವನ ಕಸುಬು ಗದ್ದಲ. ರೇಡಿಯೋ ಕೇಂದ್ರದಲ್ಲಿ ಮೂವತ್ತು ವರ್ಷ ನಾಟಕಗಳಿಗೆ ಸದ್ದು ಕೂಡಿಸಿದ್ದ. ಬಾಗಿಲು ಕಿರ್ರೆನ್ನಬೇಕು, ಕುದುರೆ ಓಡಬೇಕು, ಜನ ಗುಂಪುಗೂಡಿ ಕೂಗಬೇಕು ಅಂದರೆ ಎಲ್ಲರೂ ಅವನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಈ ಮೂವತ್ತು ವರ್ಷದಲ್ಲಿ ಅವನಿಗೆ ಒಂದು ಹುಚ್ಚು ಹತ್ತಿಕೊಂಡಿತ್ತು. ಲೋಕದ ದೊಡ್ಡ ದೊಡ್ಡ ಫುಟ್‌ಬಾಲ್ ಮೈದಾನಗಳ ಸದ್ದನ್ನು ಅವನು ಕೂಡಿಟ್ಟಿದ್ದ. ಒಂದು ಮೈದಾನವನ್ನೂ ಕಣ್ಣಾರೆ ಕಂಡವನಲ್ಲ. ಆದರೆ ಕಣ್ಣು ಮುಚ್ಚಿ ಕೂರಿಸಿ ಸದ್ದು ಕೇಳಿಸಿದರೆ ಇದು ಇಂಥ ಊರು, ಇಂಥ ಮೈದಾನ ಅಂತ ಗುರುತಿಸುತ್ತಿದ್ದ. ಬ್ಯೂನಸ್ ಐರಿಸ್‌ನ ಬೊಂಬೊನೇರಾದಲ್ಲಿ ಜನ ಒಟ್ಟಿಗೆ ಕುಣಿಯುವಾಗ ಕೂಗಿನ ಕೆಳಗೆ ಇನ್ನೊಂದು ಗುಡುಗು ಕೇಳಿಸುತ್ತದೆ, ಅದು ಕಾಂಕ್ರೀಟಿನದು. ಇಸ್ತಾಂಬುಲ್‌ನಲ್ಲಿ ಎದುರಾಳಿಯ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಸಾವಿರಾರು ಸಿಳ್ಳೆ ಒಟ್ಟಿಗೆ ಕಿವಿ ಕೊರೆಯುತ್ತವೆ. ಡಾರ್ಟ್‌ಮಂಡ್‌ನಲ್ಲಿ ಒಂದೇ ಕಡೆ ಇಪ್ಪತ್ತೈದು ಸಾವಿರ ಜನ ನಿಂತೇ ಆಟ ನೋಡುತ್ತಾರೆ, ಅವರ ಕೂಗು ಬರುವುದು ಹೊಟ್ಟೆಯಿಂದ. ಆನ್‌ಫೀಲ್ಡ್ ಮೈದಾನದವರು ಹಾಡುತ್ತಾರೆ, ಅದೂ ಶ್ರುತಿ ತಪ್ಪದೆ. ಈ ವಿಷಯಕ್ಕೆ ಬಂದರೆ ಮಾತ್ರ ಗದ್ದಲಪ್ಪನ ಬಾಯಿಂದ ಮೂರು ನಾಲ್ಕು ವಾಕ್ಯ ಉದುರುತ್ತಿದ್ದವು.

"ಮನೇಲಿ ಎಂಬತ್ತು ಸಾವಿರ ಜನ ಸೇರ್ಕೊಂಡಿದ್ದಾರೆ, ಒಬ್ಬರಾದ್ರೂ ಒಂದು ಪಾತ್ರೆ ತೊಳೀತಾರಾ?" ಅಂತ ಹೆಂಡತಿ ಕೇಳುತ್ತಿದ್ದಳು. ಹಾಗಂತ ಅವಳೂ ಆ ಎಂಬತ್ತು ಸಾವಿರ ಜನರನ್ನು ಬಿಟ್ಟಿ ಕೂರಿಸಿರಲಿಲ್ಲ. ಮನೆಗೆ ಬಂದ ನೆಂಟರು ಕೂತಲ್ಲೇ ಬೇರು ಬಿಟ್ಟರೆ ಒಳಗೆ ಹೋಗಿ ಇಸ್ತಾಂಬುಲ್ ಹಾಕುತ್ತಿದ್ದಳು. ಐದು ನಿಮಿಷದಲ್ಲಿ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು.

ಇವರಿಗೆ ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷದವಳು. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ, ಡಿಪೋದ ಮಹಿಳಾ ತಂಡದಲ್ಲಿ ಗೋಲ್‌ಕೀಪರ್. ಕೈಗಳು ಹೇಗಿದ್ದವೆಂದರೆ, ಬಿಗಿ ಮುಚ್ಚಳದ ಡಬ್ಬಿ ಹಿಡಿದುಕೊಂಡು ಅಕ್ಕಪಕ್ಕದ ಮನೆಯವರು ಅವಳ ಹತ್ತಿರವೇ ಬರುತ್ತಿದ್ದರು. ಏಳನೇ ವಯಸ್ಸಿನಿಂದ ಚೆಂಡು ಹಿಡಿಯುತ್ತಿದ್ದಳು. ಅಪ್ಪ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಆದರೆ ಗೆದ್ದು ಬಂದರೂ "ಹ್ಞೂಂ", ಸೋತು ಬಂದರೂ "ಹ್ಞೂಂ".

"ಊರಿನ ನಾಟಕಕ್ಕೆಲ್ಲ ಚಪ್ಪಾಳೆ ಕೊಡ್ತೀಯ, ನಂಗೆ ಒಂದು ಭೇಷ್ ಅಂದ್ರೆ ನಿನ್ನ ಗಂಟು ಹೋಗತ್ತಾ ಅಪ್ಪ?" ಅಂತ ಅವಳು ಒಮ್ಮೆ ಕೇಳಿಯೇ ಬಿಟ್ಟಿದ್ದಳು. ನಗುತ್ತಲೇ ಕೇಳಿದ್ದಳು. ಆದರೆ ಆಮೇಲೆ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಗದ್ದಲಪ್ಪನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಯಿತು. ಹೇಳಬೇಕು ಅಂತ ಅವನಿಗೂ ಆಸೆ ಇತ್ತು. ಪ್ರತಿ ಪಂದ್ಯ ಮುಗಿದ ಮೇಲೂ ಬಾಯಿ ತೆರೆಯುತ್ತಿದ್ದ, ಹ್ಞೂಂ ಬಂದುಬಿಡುತ್ತಿತ್ತು.

ಆ ವರ್ಷ ಡಿಪೋ ತಂಡ ಮೊದಲ ಸಲ ಫೈನಲ್ ತಲುಪಿತು. ಎದುರಾಳಿ ದೊಡ್ಡ ಆಸ್ಪತ್ರೆಯ ನರ್ಸುಗಳ ತಂಡ. ಪಂದ್ಯಕ್ಕೆ ವಾರವಿರುವಾಗ ಎಂಜಿನಿಯರೊಬ್ಬರು ಬಂದು ಮೈದಾನದ ಗ್ಯಾಲರಿ ಚಾವಣಿಯ ಬೋಲ್ಟುಗಳನ್ನು ತಟ್ಟಿ ನೋಡಿದರು. ಒಂದು ಬೋಲ್ಟು ಅವರ ಕೈಗೇ ಬಂತು. ಗ್ಯಾಲರಿಗೆ ಒಂದು ನರಪಿಳ್ಳೆಯನ್ನೂ ಬಿಡಕೂಡದು ಅಂತ ಬರೆದು ಕೊಟ್ಟು ಹೋದರು. ಖಾಲಿ ಗ್ಯಾಲರಿಯ ಮುಂದೆ ಫೈನಲ್ ಆಡುವುದೆಂದರೆ ಹುಡುಗಿಯರ ಮುಖ ಇಷ್ಟು ಚಿಕ್ಕದಾಯಿತು. ಆಗ ಯಾರೋ ಅಂದರು, "ಗದ್ದಲಪ್ಪ ಇಲ್ವಾ? ಮೈಕಲ್ಲಿ ಜನ ಹಾಕಿಸೋಣ."

ಆಸ್ಪತ್ರೆ ತಂಡದ ಮ್ಯಾನೇಜರ್ ತಕ್ಷಣ ಬೇಡ ಅಂತ ಕೈ ಎತ್ತಿದರು. ಅವರು ಎಕ್ಸ್‌ರೇ ತೆಗೆಯುವವರು, ಊರಿಗೆಲ್ಲ ಎಕ್ಸ್‌ರೇ ಸಾಹೇಬರು. ಎಲ್ಲರ ಒಳಗನ್ನೂ ನೋಡಿ ನೋಡಿ ಅವರಿಗೆ ಯಾರ ಹೊರಗಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

"ಅಲ್ಲ ಸ್ವಾಮಿ, ಅವರ ಗೋಲ್‌ಕೀಪರ್ ಅಪ್ಪನ ಕೈಗೇ ಜನರನ್ನ ಕೊಡ್ತೀರಾ? ಅವರಿಗೆ ಜೈಕಾರ, ನಮಗೆ ಸಿಳ್ಳೆ ಅಂತಾದ್ರೆ?"

ವಾದ ನಡೆದು ನಡೆದು ಕಡೆಗೆ ರೆಫ್ರಿ ಒಂದು ಕರಾರು ಬರೆದರು. ರೆಫ್ರಿ ವೃತ್ತಿಯಲ್ಲಿ ಗಣಿತದ ಮೇಷ್ಟ್ರು, ಆದ್ದರಿಂದ ಕರಾರೂ ಕೋಷ್ಟಕದ ರೂಪದಲ್ಲೇ ಬಂತು. ಯಾರೇ ಗೋಲು ಹೊಡೆಯಲಿ, ಡಾರ್ಟ್‌ಮಂಡ್, ಹತ್ತು ಸೆಕೆಂಡು. ಯಾರೇ ಗೋಲು ತಡೆಯಲಿ, ಆನ್‌ಫೀಲ್ಡ್, ಆರು ಸೆಕೆಂಡು. ಪೆನಾಲ್ಟಿ ಹೊಡೆಯುವಾಗ ಪೂರ್ತಿ ನಿಶ್ಶಬ್ದ. ಧ್ವನಿವರ್ಧಕದಿಂದ ಒಂದು ತಂಡದ ಪರ ಒಂದೇ ಒಂದು ಸೊಲ್ಲು ಹೆಚ್ಚು ಬಂದರೂ ಆ ತಂಡ ಸೋತ ಹಾಗೆ. ಕೆಳಗೆ ಗದ್ದಲಪ್ಪನ ಸಹಿ.

"ಈಗಂತೂ ನೀನು ಬಾಯಿ ಬಿಡೋ ಹಾಗೇ ಇಲ್ಲ, ಬರವಣಿಗೇಲೇ ಸಿಕ್ಕಿಬಿಟ್ಯಲ್ಲ" ಅಂತ ಮಗಳು ಚುಚ್ಚಿದಳು.

"ಹ್ಞೂಂ" ಅಂದ ಗದ್ದಲಪ್ಪ. ಆ ಹ್ಞೂಂ ತುಂಬಾ ನೊಂದ ಹ್ಞೂಂ. ಹೆಂಡತಿಗೆ ಗೊತ್ತಾಯಿತು, ಮಗಳಿಗೆ ಆಗಲಿಲ್ಲ.

ಪಂದ್ಯದ ದಿನ ಮಧ್ಯಾಹ್ನ ಗದ್ದಲಪ್ಪ ಮೈದಾನದ ಅಂಚಿನ ಇಟ್ಟಿಗೆ ಕೋಣೆಯಲ್ಲಿ ಕೂತ. ಹತ್ತು ಮೆಟ್ಟಿಲ ಮೇಲಿನ ಗೂಡು ಅದು, ಗಾಜಿನ ಕಿಟಕಿ, ಒಂದು ಮೇಜು, ಒಂದು ಮೈಕು. ಎಂಟು ಧ್ವನಿವರ್ಧಕಗಳು ಖಾಲಿ ಗ್ಯಾಲರಿಯ ಉದ್ದಕ್ಕೂ ನಿಂತಿದ್ದವು. ಆಟಗಾರ್ತಿಯರ ಬದಲಾವಣೆ ಘೋಷಿಸುವ ಕೆಲಸವೂ ಅವನ ಹೆಗಲಿಗೇ ಬಿದ್ದಿತ್ತು. ಕಾಂಪೌಂಡ್ ಗೋಡೆಯ ಆಚೆ ರಸ್ತೆ ತುಂಬ ಜನ ಸೇರಿದ್ದರು. ಅವರಿಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಏನಾಯಿತು ಅನ್ನುವುದನ್ನು ಗದ್ದಲಪ್ಪನ ಸದ್ದು ಕೇಳಿಯೇ ತಿಳಿದುಕೊಳ್ಳಬೇಕಿತ್ತು. ಅವನ ಹೆಂಡತಿಯೂ ಆ ಗುಂಪಿನಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು.

ಅವನ ಕೈಚಳಕ ಇದ್ದದ್ದು ಒಂದು ಸಣ್ಣ ವಿಷಯದಲ್ಲಿ. ಚೆಂಡು ಬಲೆಗೆ ಬಿದ್ದ ಕೂಡಲೇ ಅವನು ಗುಂಡಿ ಒತ್ತುತ್ತಿರಲಿಲ್ಲ. ಅರ್ಧ ಸೆಕೆಂಡು ಬಿಟ್ಟು ಒತ್ತುತ್ತಿದ್ದ. "ಜನಕ್ಕೆ ನಂಬೋಕೆ ಅಷ್ಟು ಹೊತ್ತು ಬೇಕು" ಅನ್ನುತ್ತಿದ್ದ. ಆ ಅರ್ಧ ಸೆಕೆಂಡಿನಿಂದಲೇ ಅವನ ಗದ್ದಲಕ್ಕೆ ಜೀವ ಬರುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆಟಗಾರ್ತಿಯರು ಖಾಲಿ ಗ್ಯಾಲರಿಯನ್ನು ಮರೆತರು. ಮೊದಲ ಗೋಲು ಹೊಡೆದ ಡಿಪೋದ ಕಂಡಕ್ಟರ್ ಹುಡುಗಿ ಯಾರೂ ಇಲ್ಲದ ಕುರ್ಚಿಗಳಿಗೆ ಕೈಮುಗಿದು ಬಂದಳು. ಹದಿನೈದು ನಿಮಿಷದ ಮೇಲೆ ಆಸ್ಪತ್ರೆಯವರು ಗೋಲು ಸಮ ಮಾಡಿದಾಗಲೂ ಅದೇ ಡಾರ್ಟ್‌ಮಂಡ್, ಅದೇ ಹತ್ತು ಸೆಕೆಂಡು. ಕೆಳಗೆ ಗಡಿಯಾರ ಹಿಡಿದು ನಿಂತಿದ್ದ ಎಕ್ಸ್‌ರೇ ಸಾಹೇಬರು ತಲೆದೂಗಿದರು.

ಒಂದು ಒಂದರಲ್ಲೇ ಆಟ ಎಳೆದಾಡಿ ಕೊನೆಯ ನಿಮಿಷಕ್ಕೆ ಬಂತು. ಅಷ್ಟರಲ್ಲಿ ಮಗಳು ನಾಲ್ಕು ಸಲ ಚೆಂಡು ತಡೆದಿದ್ದಳು. ನಾಲ್ಕು ಸಲವೂ ಗದ್ದಲಪ್ಪ ತುಟಿ ಕಚ್ಚಿಕೊಂಡು ಆರೇ ಸೆಕೆಂಡು ಆನ್‌ಫೀಲ್ಡ್ ಕೊಟ್ಟಿದ್ದ. ಏಳನೇ ಸೆಕೆಂಡಿಗೆ ಬೆರಳು ತುರಿಸುತ್ತಿತ್ತು. ಆಗ ಡಿಪೋದ ಹುಡುಗಿಯೊಬ್ಬಳು ಗೋಲಿನ ಹತ್ತಿರವೇ ಎದುರಾಳಿಯ ಕಾಲಿಗೆ ಅಡ್ಡಗಾಲು ಹಾಕಿದಳು. ರೆಫ್ರಿ ಸೀಟಿ ಊದಿ ಪೆನಾಲ್ಟಿ ಕೊಟ್ಟರು.

ಇದೇ ಸಮಯ ಅಂತ ಆಸ್ಪತ್ರೆಯವರು ದಣಿದವಳನ್ನು ಹೊರಗೆ ಕರೆದು ಇನ್ನೊಬ್ಬಳನ್ನು ಇಳಿಸಿದರು. ಗದ್ದಲಪ್ಪ ಮೈಕಿನ ಗುಂಡಿ ಒತ್ತಿ, "ಆಸ್ಪತ್ರೆ ತಂಡದಲ್ಲಿ ಬದಲಾವಣೆ, ನಂಬರ್ ಹದಿನಾಲ್ಕು" ಅಂತ ಎಂದಿನ ಮೆಲುದನಿಯಲ್ಲಿ ಹೇಳಿದ. ಹೇಳಿ, ಮೂವತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು ಮಾಡಿದ. ಮೈಕು ಬಂದ್ ಮಾಡುವುದನ್ನು ಮರೆತ. ಯಾಕೆಂದರೆ ಅಷ್ಟರಲ್ಲಿ ಅವನ ಕಣ್ಣು ಗೋಲಿನ ಕಂಬಗಳ ನಡುವೆ ಹೋಗಿತ್ತು. ಅಲ್ಲಿ ಅವನ ಮಗಳು ಕೈಗವಸು ಬಿಗಿ ಮಾಡಿಕೊಳ್ಳುತ್ತ ಒಬ್ಬಳೇ ನಿಂತಿದ್ದಳು, ಇದ್ದಕ್ಕಿಂತ ಚಿಕ್ಕವಳಾಗಿ ಕಾಣುತ್ತಿದ್ದಳು.

ಚೆಂಡಿನ ಮುಂದೆ ಬಂದು ನಿಂತವಳು ಹದಿನಾಲ್ಕಲ್ಲ, ಆಪರೇಷನ್ ಕೋಣೆಯ ನರ್ಸ್. ಕೈಯಾಗಲಿ ಕಾಲಾಗಲಿ ನಡುಗುವ ಜಾತಿಯವಳಲ್ಲ. ಗದ್ದಲಪ್ಪ ಕರಾರಿನ ಪ್ರಕಾರ ಟೇಪಿನ ಜನರ ಸದ್ದು ಪೂರ್ತಿ ಇಳಿಸಿದ. ಗೋಡೆಯ ಆಚೆಯ ಜನಕ್ಕೂ ಆ ನಿಶ್ಶಬ್ದದ ಅರ್ಥ ಗೊತ್ತಾಯಿತು, ಅವರೂ ಉಸಿರು ಬಿಗಿಹಿಡಿದರು. ರಿಯೋದ ಮರಕಾನಾ ಮೈದಾನದಲ್ಲಿ ಹಿಂದೆ ಒಮ್ಮೆ ತಮ್ಮ ತಂಡ ಸೋತಾಗ ಎರಡು ಲಕ್ಷ ಜನ ಹೀಗೇ ಮಾತಿಲ್ಲದೆ ಕೂತಿದ್ದರಂತೆ. ಅದರ ಬಗ್ಗೆ ಗದ್ದಲಪ್ಪ ಓದಿದ್ದ, ಅಂಥ ಮೌನ ಹೇಗಿರುತ್ತದೆ ಅಂತ ಅವನಿಗೆ ತಿಳಿದದ್ದು ಇವತ್ತೇ.

ನರ್ಸ್ ಓಡಿ ಬಂದು ಎಡಮೂಲೆಗೆ ಒದ್ದಳು. ಮಗಳು ಅದೇ ಮೂಲೆಗೆ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ಬಡಿದು ಮುಂದಕ್ಕೆ ಪುಟಿಯಿತು.

ಗದ್ದಲಪ್ಪ ಅರ್ಧ ಸೆಕೆಂಡು ಕಾಯಲಿಲ್ಲ. ಆನ್‌ಫೀಲ್ಡ್ ಗುಂಡಿಯ ನೆನಪೂ ಅವನಿಗೆ ಬರಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು, ಅವನು ಎದ್ದು ನಿಂತ, ಇಷ್ಟು ವರ್ಷ ಗಂಟಲಲ್ಲಿ ಕೂತದ್ದೆಲ್ಲ ಒಂದೇ ಸಲಕ್ಕೆ ಹೊರಬಂತು.

"ಭೇಷ್! ಭೇಷ್ ನನ್ನ ಮಗಳೇ! ನನ್ನ ಮಗಳು ಕಣ್ರೋ ಅವಳು!"

ಎಂಟು ಧ್ವನಿವರ್ಧಕಗಳೂ ಅದನ್ನು ಒಟ್ಟಿಗೆ ಕೂಗಿ ಹೇಳಿದವು. ಖಾಲಿ ಗ್ಯಾಲರಿ ಅದನ್ನು ಇನ್ನೊಮ್ಮೆ ಹೇಳಿತು. ಚಾವಣಿಯ ಒಂದೆರಡು ಬೋಲ್ಟೂ ಉದುರಿದವು ಅನ್ನುತ್ತಾರೆ, ಅದು ಎಷ್ಟು ನಿಜವೋ ಗೊತ್ತಿಲ್ಲ.

ನೆಲದ ಮೇಲೆ ಬಿದ್ದಿದ್ದ ಮಗಳು ತಲೆ ಎತ್ತಿದಳು. ಚೆಂಡಿನ ಕಡೆಗಲ್ಲ, ಧ್ವನಿವರ್ಧಕದ ಕಡೆಗೆ. ಬಾಯಿ ತೆರೆದುಕೊಂಡು ಅದನ್ನೇ ನೋಡಿದಳು. ನಂಬರ್ ಹದಿನಾಲ್ಕು ಆಗತಾನೇ ಒಳಗೆ ಬಂದವಳು. ಅವಳಿಗೂ ಮನೆಯಲ್ಲಿ ಒಬ್ಬ ಅಪ್ಪ ಇದ್ದ, ಹಾಗಾಗಿ ಇನ್ನೊಬ್ಬರ ಅಪ್ಪನ ಮಾತಿಗೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪುಟಿದು ಬಂದ ಚೆಂಡನ್ನು ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ, ಬಲೆಯೊಳಗೆ ಹಾಕಿದಳು.

ಎಲ್ಲ ಸೇರಿ ಎರಡು ಸೆಕೆಂಡು ಆಗಿರಬಹುದು.

ಗೋಡೆಯ ಆಚೆ ಮಾತ್ರ ಹಬ್ಬ. ಗದ್ದಲಪ್ಪನ ಕೂಗು ಕೇಳಿದ ಜನ ಡಿಪೋ ಗೆದ್ದೇಬಿಟ್ಟಿತು ಅಂದುಕೊಂಡು ಟೋಪಿ ಎಸೆದು ಕುಣಿದರು. ಒಳಗೆ ಗದ್ದಲಪ್ಪ ಮೈಕು ಬಂದ್ ಮಾಡಿದ. ಆಮೇಲೆ, ಸಹಿ ಹಾಕಿದ ಮನುಷ್ಯ ನೋಡಿ, ಎದುರಾಳಿಯ ಗೋಲಿಗೆ ಡಾರ್ಟ್‌ಮಂಡ್ ಗುಂಡಿ ಒತ್ತಿದ. ಹತ್ತು ಸೆಕೆಂಡು, ಒಂದು ಚೂರೂ ಕಡಿಮೆ ಮಾಡಲಿಲ್ಲ. ಜೀವಮಾನದಲ್ಲೇ ಅಷ್ಟು ಉದ್ದದ ಹತ್ತು ಸೆಕೆಂಡನ್ನು ಅವನು ಕೇಳಿರಲಿಲ್ಲ.

ರೆಫ್ರಿ ಕೊನೆಯ ಸೀಟಿ ಊದಿದರು. ಜೇಬಿನಿಂದ ಕರಾರು ತೆಗೆದು ಎಕ್ಸ್‌ರೇ ಸಾಹೇಬರ ಹತ್ತಿರ ಬಂದರು.

"ಸಾಹೇಬ್ರೇ, ಒಂದು ಸೊಲ್ಲು ಹೆಚ್ಚು ಬಂತಲ್ಲ. ನಿಮ್ಮದೇನಾದ್ರೂ ತಕರಾರು?"

"ಯಾವ ಸೊಲ್ಲು ಸಾರ್?" ಎಕ್ಸ್‌ರೇ ಸಾಹೇಬರು ಗಡಿಯಾರವನ್ನು ಜೇಬಿಗೆ ಇಳಿಸಿದರು. "ನನಗೇನೂ ಕೇಳಿಸ್ಲಿಲ್ಲಪ್ಪ. ಸದ್ದಿನ ವ್ಯವಸ್ಥೆ ಬಹಳ ಚೆನ್ನಾಗಿತ್ತು. ಮುಂದಿನ ವರ್ಷಾನೂ ಇವರನ್ನೇ ಕರೆಸಿ."

ಡಿಪೋ ತಂಡದ ತರಬೇತುದಾರ ಒಬ್ಬ ಹಳೇ ಡ್ರೈವರ್. ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹುಡುಗಿಯರೆಲ್ಲ ಗೂಡಿನ ಕಡೆ ನೋಡುತ್ತಿದ್ದರು. ಮಗಳು ಮೈದಾನದ ಆ ತುದಿಯಿಂದ ಈ ತುದಿಗೆ ನಡೆದು ಬಂದು ಮೆಟ್ಟಿಲು ಹತ್ತಿದಳು. ಒಂದೊಂದೇ ಮೆಟ್ಟಿಲ ಸದ್ದು ಗದ್ದಲಪ್ಪನಿಗೆ ಕೇಳಿಸಿತು. ಅವನು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ, ಆದರೆ ಕೂರುವ ಧೈರ್ಯ ಬರಲಿಲ್ಲ.

ಅವಳು ಬಾಗಿಲಲ್ಲಿ ನಿಂತಳು. ಮೊಣಕೈಯಿಂದ ಮೊಣಕಾಲಿನವರೆಗೆ ಕೆಸರು.

"ಇಪ್ಪತ್ತನಾಲ್ಕು ವರ್ಷ ಬಾಯಿ ಬಿಟ್ಟಿಲ್ಲ ನೀನು" ಅಂದಳು. "ಇನ್ನೆರಡು ಸೆಕೆಂಡ್ ತಡ್ಕೊಳ್ಳೋಕೆ ಆಗ್ಲಿಲ್ವಾ ಅಪ್ಪ?"

"ಆಗ್ಲಿಲ್ಲ ಮಗಳೇ."

"ಕಪ್ ಹೋಯ್ತು."

"ಹೋಯ್ತು. ನನ್ನಿಂದಾನೇ ಹೋಯ್ತು."

ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಕೈಗವಸು ಬಿಚ್ಚಲು ಹೋದಳು, ಕೆಸರು ಹಿಡಿದು ಅದು ಬರಲಿಲ್ಲ. ಗದ್ದಲಪ್ಪ ಮುಂದೆ ಬಗ್ಗಿ ಅದರ ಪಟ್ಟಿ ಬಿಚ್ಚಿಕೊಟ್ಟ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ, ಪ್ರಾಯಶಃ ಅವಳಿಗೂ ಗೊತ್ತಿರಲಿಲ್ಲ.

"ಇನ್ನೊಂದ್ಸಲ ಹೇಳು" ಅಂದಳು. "ಮೈಕ್ ಇಲ್ದೆ."

ಗದ್ದಲಪ್ಪ ಬಾಯಿ ತೆರೆದ. ಹ್ಞೂಂ ಬರುವುದರಲ್ಲಿತ್ತು, ಅದನ್ನು ನುಂಗಿಕೊಂಡ. ಕೆಮ್ಮಿದ. ಆಮೇಲೆ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ, ಅದೇ ಮಾತನ್ನು ಹೇಳಿದ.

"ಕೇಳಿಸ್ಲಿಲ್ಲ" ಅಂದಳು ಮಗಳು.

ಕೇಳಿಸಿತ್ತು ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಮತ್ತೆ ಹೇಳಿದ.