ಮೂಗೆತ್ತಿದ ವಿಮಾನ

ಬೆಳಗ್ಗೆ ಮ್ಯೂಸಿಯಂ ಬೀಗ ತೆಗೆಯಲು ಬಂದ ನರುಮಿಗೆ ಮೊದಲು ಕಂಡದ್ದು ವಿಮಾನದ ಮೂಗಿನಡಿಯ ಚಕ್ರ. ಅದು ನೆಲದ ಮೇಲಿರಲಿಲ್ಲ, ಗೇಣುದ್ದ ಮೇಲೆ ತೂಗುತ್ತಿತ್ತು. ಮೂವತ್ತು ವರ್ಷದಿಂದ ಅಂಗಳದಲ್ಲಿ ಬಿದ್ದಿದ್ದ ವಿಮಾನ ಇವತ್ತು ಏಳಲು ಹೊರಟಿತ್ತು, ಅದೂ ಬಾಲದ ಮೇಲೆ ಕೂರುವುದಕ್ಕೆ.

ತಪ್ಪು ಅವಳದೇ. ಜಪಾನಿನ ಅಓಮೊರಿಯ ಆ ಊರಿನಲ್ಲಿ ಹಿಮ ಬಿದ್ದರೆ ಮೊದಲು ಮುಂಬಾಗಿಲ ಹಿಮ ತೆಗೆಯಬೇಕು. ಬಂದವರು ಹಿಮ ತುಳಿದುಕೊಂಡು ಒಳಗೆ ಬಂದರೆ ಮನೆಯವರ ಮಾನ ಹೋದಂತೆ. ಹಿತ್ತಿಲು ಆಮೇಲೆ. ಅದೇ ರೂಢಿಯಲ್ಲಿ ನಿನ್ನೆ ಅವಳೂ ಟಿಕೆಟ್ ಕೊಡುವ ಮಿಕಾಮಿಯೂ ವಿಮಾನದ ಮೂಗು, ಬಾಗಿಲು, ಮೆಟ್ಟಿಲುಗಳನ್ನೆಲ್ಲ ಗುಡಿಸಿ, ಬಾಲವನ್ನು ನಾಳೆಗೆ ಬಿಟ್ಟಿದ್ದರು. ಎಂಜಿನ್‌ಗಳನ್ನು ಎಂದೋ ಇಳಿಸಿದ್ದರಿಂದ ಮುಂದೆ ತೂಕವೇ ಇರಲಿಲ್ಲ. ರಾತ್ರಿಯೆಲ್ಲ ಸುರಿದ ಒದ್ದೆ ಹಿಮ ಬಾಲದ ಮೇಲೆ ಗುಡ್ಡೆಯಾಗಿ ಕೂತಿತ್ತು.

ಬಾಲ ನೆಲಕ್ಕೆ ಬಡಿದರೆ ಬೆನ್ನು ಮುರಿಯುತ್ತದೆ. ಇನ್ನೊಂದು ರಿಪೇರಿ ಅಂದರೆ ಗುಜರಿಗೆ ಎಂದು ಪುರಸಭೆ ಅಧ್ಯಕ್ಷರು ಹೇಳಿಯಾಗಿತ್ತು. ಅವರ ಹೆಸರು ಕಸಾಯಿ. ಅದು ಅವರ ಮನೆತನದ ಹೆಸರು, ಕತೆಗಾಗಿ ಕಟ್ಟಿದ್ದಲ್ಲ. ನರುಮಿಯೋ ಇದೇ ವಿಮಾನದಲ್ಲಿ ಗಗನಸಖಿಯಾಗಿದ್ದವಳು. ಓಡಿ ಮೆಟ್ಟಿಲು ಹತ್ತಿ ಪೈಲಟ್ಟಿನ ಸೀಟಿನಲ್ಲಿ ಕುಳಿತಳು. ಮೂಗು ನಾಲ್ಕು ಬೆರಳು ಇಳಿಯಿತು, ಅಲ್ಲೇ ನಿಂತಿತು.

ಅಷ್ಟರಲ್ಲಿ ಮಿಕಾಮಿ ಬಂದ. "ಇಳೀರಿ ನರುಮಿ ಸಾನ್, ಇಬ್ರೂ ಸೇರಿ ಬಾಲ ಗುಡಿಸೋಣ."

"ನಾನು ಇಳಿದ್ರೆ ಇದು ಕೂತ್ಬಿಡುತ್ತೆ."

"ಹಂಗಾದ್ರೆ ನಾನು ಹತ್ತಿ ಕೂರ್ತೀನಿ."

"ನಿನ್ನ ತೂಕ ಎಷ್ಟು? ಒದ್ದೆ ಕೋಟು ಸೇರಿಸಿದ್ರೂ ಒಂದು ಬೆಕ್ಕು. ಯಾರನ್ನಾದ್ರೂ ಕರಿ."

ಮಿಕಾಮಿ ನಾಲ್ಕಾರು ಮನೆಗೆ ಫೋನ್ ಮಾಡಿ ನೋಡಿದ. "ಯಾರೂ ಎತ್ತುತ್ತಿಲ್ಲ. ಎಲ್ರೂ ಅವರವರ ಬಾಗಿಲು ಗೋರ್ತಿದಾರೆ."

ಹಿಂದೆಲ್ಲೋ ತಗಡು ನರಳಿತು. ಮಿಕಾಮಿ ಪಕ್ಕದ ಸಮುದಾಯ ಭವನದ ಕಡೆ ನೋಡಿದ. ಭೂಕಂಪ, ಬೆಂಕಿ ಎಂದು ಊರಿಗೆಲ್ಲ ಕೂಗಿ ಹೇಳುವ ಮೈಕು ಅಲ್ಲಿತ್ತು. ಅಧ್ಯಕ್ಷರ ದನಿ ಅನುಕರಿಸಿ ಪಾರ್ಟಿಗಳಲ್ಲಿ ಪುಕ್ಕಟೆ ಕುಡಿಯುವ ಖ್ಯಾತಿ ಇವನದು.

"ಬೇಡ ಮಿಕಾಮಿ, ಕೆಲಸ ಹೋಗುತ್ತೆ."

"ವಿಮಾನಾನೇ ಹೋದ್ಮೇಲೆ ಯಾತರ ಟಿಕೆಟ್ ಹರೀಲಿ?"

ಸ್ವಲ್ಪ ಹೊತ್ತಿಗೆ ಊರಿನ ಕಂಬಕಂಬದ ಸ್ಪೀಕರೂ ಕೆಮ್ಮಿತು. "ಎಹೆಂ. ನಾನು ಕಸಾಯಿ. ಬಾಗಿಲು ಅಲ್ಲಿಗೇ ಬಿಟ್ಟು ಮ್ಯೂಸಿಯಂಗೆ ಬನ್ನಿ. ತೆಳ್ಳಗಿರೋರು ಬಾಲಕ್ಕೆ, ದಪ್ಪಗಿರೋರು ಮೂಗಿಗೆ. ದಪ್ಪ ಯಾರು ಅಂತ ನಾನು ಹೇಳಲ್ಲ, ನಿಮಗೇ ಗೊತ್ತು."

ಯಾರೂ ಬರಲಿಲ್ಲ. ಹಿಮ ಬೀಳುತ್ತಲೇ ಇತ್ತು. ಮೂಗು ಮತ್ತೆ ಮೇಲೇಳತೊಡಗಿತು, ಎದುರಿನ ಗಾಜಿನಲ್ಲಿ ಮನೆಗಳ ಸೂರು ಜಾರಿ ಬರೀ ಆಕಾಶ ಉಳಿಯಿತು. ತಗಡು ಹಿಡಿದಿದ್ದ ಒಂದು ರಿವೆಟ್ಟು ಪಟ್ಟೆಂದಿತು. ನರುಮಿ ಚುಕ್ಕಾಣಿಗೆ ಹಣೆ ಒತ್ತಿ, ಕೂರಬೇಡ, ಕೂರಬೇಡವೇ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಅಳು ಬಂತು. ಅಳುವುದಕ್ಕೂ ಹಿಂದಕ್ಕೆ ಒರಗುವಂತಿರಲಿಲ್ಲ.

ಆಗ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಮೀನಂಗಡಿಯ ಅಕ್ಕತಂಗಿಯರು ಒಬ್ಬರನ್ನೊಬ್ಬರು ದಪ್ಪ ಎಂದು ಹಂಗಿಸುತ್ತ ಒಳಗೆ ಬಂದರು. ಅವರ ಬೆನ್ನಿಗೆ ಹತ್ತಾರು ಜನ. ಹೊರಗೆ ಉಳಿದವರು ಉದ್ದ ಕೋಲುಗಳಿಗೆ ಹಲಗೆ ಕಟ್ಟಿ ಬಾಲದ ಹಿಮ ಎಳೆಯತೊಡಗಿದರು. ಆದರೂ ಚಕ್ರ ನೆಲ ಮುಟ್ಟಲಿಲ್ಲ.

ಕೊನೆಗೆ ಬಂದವರು ಸ್ವತಃ ಅಧ್ಯಕ್ಷರು, ಊರಿಗೇ ದೊಡ್ಡ ಹೊಟ್ಟೆಯ ಮನುಷ್ಯ.

"ಹಲ್ಲುಜ್ತಾ ಇದ್ದೆ," ಎಂದರು ಅವರು. "ಬಾಯ್ತುಂಬ ನೊರೆ. ಹೊರಗಡೆ ನೋಡಿದ್ರೆ ನಾನೇ ಭಾಷಣ ಮಾಡ್ತಿದೀನಿ."

"ಬಯ್ಯೋದು ಆಮೇಲೆ, ಅಧ್ಯಕ್ಷರೇ," ಎಂದಳು ನರುಮಿ. "ಮೊದಲು ಬಂದು ಈ ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಧ್ಯಕ್ಷರು ಅವಳ ಮುಖ ನೋಡಿ ಬಂದು ಕುಳಿತರು. ಧಡ್. ಚಕ್ರ ನೆಲ ಕಚ್ಚಿತು. ಗಾಜಿನಲ್ಲಿ ಊರು ಮರಳಿ ಬಂತು.

"ಸರಿ, ಇನ್ನು ಇಳೀಲಾ?"

ಕೆಳಗಿನಿಂದ ಮಿಕಾಮಿ ಅವರದೇ ದನಿಯಲ್ಲಿ ಉತ್ತರಿಸಿದ. "ಎಹೆಂ. ಅಲ್ಲಾಡಬೇಡಿ. ಬಾಲದಲ್ಲಿ ಇನ್ನೂ ಅರ್ಧ ಹಿಮ ಇದೆ. ಇಡೀ ಊರು ನನ್ನ ಮೇಲೇ ನಿಂತಿದೆ."

ಅಧ್ಯಕ್ಷರ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಉಳಿದವರ ನಗು ಮುಗಿದರೂ ಅವರದು ಮುಗಿಯಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ನರುಮಿ ಅವರ ತೋಳು ಹಿಡಿದು, "ನಗಿ ಅಧ್ಯಕ್ಷರೇ, ಎಷ್ಟಾದ್ರೂ ನಗಿ, ಹಿಂದಕ್ಕೆ ಮಾತ್ರ ವಾಲಬೇಡಿ," ಎಂದಳು. ಅವರು ಮುಂದಕ್ಕೆ ಬಾಗಿಕೊಂಡು ಇನ್ನೂ ಜೋರಾಗಿ ನಕ್ಕರು.