ಗೋಡೆಗೆ ಯಾರ ಮೈಕ್ರೋಮೀಟರ್?

ನಮ್ಮ ಕಾರ್ಖಾನೆಯ ಹಿಂಬದಿಯ ಗೋಡೆಯಲ್ಲಿ ಹನ್ನೊಂದು ಅಳತೆಯ ಸಾಮಾನು ನೇತಾಡುತ್ತಿದ್ದವು. ಎಲ್ಲವೂ ಪರೀಕ್ಷೆಯಲ್ಲಿ ಸೋತವು. ಒಂದೊಂದಕ್ಕೂ ಒಂದು ಮೊಳೆ, ಕೆಳಗೆ ಕೊಂಡವರ ಹೆಸರು. ಯಾರು ಏನೇ ಹೊಸದು ಕೊಂಡರೂ ಶುಕ್ರವಾರ ಊಟದ ಹೊತ್ತಿಗೆ ಕಾಜ್ ಅವರ ಗ್ರಾನೈಟ್ ಕಲ್ಲಿನ ಮುಂದೆ ತರಬೇಕು. ಒಂದೇ ಸಲ ಪರೀಕ್ಷೆ. ಗೆದ್ದರೆ ನಿನ್ನದು, ಸೋತರೆ ಗೋಡೆಯದು. ಕಾಜ್ ನಲವತ್ತೊಂದು ವರ್ಷದಿಂದ ಇಲ್ಲಿ ಅಳತೆ ನೋಡುವವರು. ಅವರ ಮಾತಿಗೆ ಎದುರಿಲ್ಲ.

ಆ ಶುಕ್ರವಾರ ನನ್ನ ಸರದಿ. ಎರಡು ವರ್ಷ ಗರಗಸದ ಯಂತ್ರದ ಮುಂದೆ ಕಬ್ಬಿಣ ತುಂಡರಿಸಿ ನನಗೆ ಸಾಕು ಸಾಕಾಗಿತ್ತು. ಮೇಸ್ತ್ರಿ ಓಟಿಸ್ ಹೇಳಿಬಿಟ್ಟಿದ್ದ: "ನೋಡು ಡೆನೀಸ್, ಸೋಮವಾರ ಲೇತ್ ಖಾಲಿ ಆಗುತ್ತೆ. ಕಲ್ಲಿನ ಮೇಲೆ ಗೆದ್ದ ಮೈಕ್ರೋಮೀಟರ್ ನಿನ್ ಹತ್ರ ಇದ್ರೆ ಅದು ನಿಂದು. ಇಲ್ದಿದ್ರೆ ಹೊರಗಿಂದ ಯಾರನ್ನಾದ್ರೂ ಕರೆಸ್ತೀನಿ."

ಮೈಕ್ರೋಮೀಟರ್ ಅಂದರೆ ಸ್ಕ್ರೂ ತಿರುಗಿಸಿ ಕೂದಲೆಳೆಯ ದಪ್ಪವನ್ನೂ ಅಳೆಯುವ ಸಾಧನ; ನಾನು ತರಿಸಿದ್ದು ಹೆಸರೇ ಕೇಳದ ಕಂಪನಿಯದು. ಕಾಜ್ ಅವರ ಮೈಕ್ರೋಮೀಟರಿನ ಬೆಲೆಗೆ ನನ್ನಂಥವು ಆರು ಬರುತ್ತವೆ! ಯಾರಾದರೂ ಕೈತಾಕಿಸಿ ಕೆಡವಿಯಾರೆಂದು ಬೆಳಿಗ್ಗೆ ಆರರಿಂದ ಅದನ್ನು ದಪ್ಪ ಅಂಗಿಯ ಎದೆಜೇಬಿನಲ್ಲಿ, ಜಾಕೆಟ್ಟಿನ ಒಳಗೆ, ಬಚ್ಚಿಟ್ಟುಕೊಂಡಿದ್ದೆ.

ಊಟದ ಗಂಟೆ ಹೊಡೆಯಿತು. ಎಲ್ಲರೂ ಕಲ್ಲಿನ ಸುತ್ತ ನೆರೆದರು. ಕಾಜ್ ಕೈಗವಸು ತೊಟ್ಟು ಮೈಕ್ರೋಮೀಟರನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು.

"ಹ್ಞೂಂ. ಕರಕರ ಅಂತಿಲ್ಲ."

ಅದರ ಬಾಯಿ ಮುಚ್ಚಿ ದೀಪಕ್ಕೆ ಹಿಡಿದರು. ಸಂದಿಯಲ್ಲಿ ಒಂದೆಳೆ ಬೆಳಕೂ ನುಸುಳಲಿಲ್ಲ. ಬಿಗಿ ಮಾಡುವ ಹಿಡಿಯನ್ನು ಒತ್ತಿದರು. ಗೆರೆ ಅಲುಗಲಿಲ್ಲ.

"ಅಗ್ಗದ್ದಾದ್ರೂ ಮಾನಸ್ಥ ಕಣಮ್ಮ ಇದು," ಎಂದರು. ನನಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು.

ಮುಚ್ಚಿದಾಗ ಸೊನ್ನೆ, ಖಡಕ್ ಸೊನ್ನೆ. ಅರ್ಧ ಇಂಚಿಗೆ ಖಚಿತವಾಗಿ ಕಡೆದ ಉಕ್ಕಿನ ಅಳತೆಗಟ್ಟಿ ಇಟ್ಟರು: ಒಂದು ಗೆರೆ ಕಡಿಮೆ. ಗೆರೆ ಎಂದರೆ ಇಂಚಿನ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲು. ಒಂದು ಗೆರೆಯ ತಪ್ಪು ಮಾಫಿ. ಒಂದು ಇಂಚಿನ ಗಟ್ಟಿ ಇಟ್ಟರು.

ಎರಡು ಗೆರೆ ಕಡಿಮೆ.

"ಹೋಯ್ತು," ಎಂದರು ಕಾಜ್. "ಉದ್ದ ಹೆಚ್ಚಿದ ಹಾಗೆ ತಪ್ಪೂ ಹೆಚ್ತಾ ಇದೆ. ಒಳಗಿನ ಸ್ಕ್ರೂನೇ ಸರಿ ಇಲ್ಲ."

"ಹನ್ನೆರಡನೇದು ಬಂತಪ್ಪೋ!" ಓಟಿಸ್ ಆಗಲೇ ಸುತ್ತಿಗೆ ಎತ್ತಿಕೊಂಡಿದ್ದ. ಲೇತ್ ನನ್ನ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು. ಅಳು ಉಕ್ಕಿ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡೆ. ಜೇಬು ಬೆಚ್ಚಗಿತ್ತು.

"ನಿಲ್ಸೋ ಸುತ್ತಿಗೆ!" ಎಂದು ಕಿರುಚಿದೆ. "ರೀ ಕಾಜ್, ಇದು ಬೆಳಿಗ್ಗೆಯಿಂದ ನನ್ನ ಜೇಬಲ್ಲಿತ್ತು. ಕಾದು ಹಿಗ್ಗಿದೆ ಕಣ್ರೀ! ಒಳಗಿನ ಸ್ಕ್ರೂನೂ ಉದ್ದ ಆಗಿದೆ, ಅದಕ್ಕೇ ತಣ್ಣನೆ ಗಟ್ಟಿಗೆ ಕಡಿಮೆ ತೋರಿಸ್ತಿದೆ. ಬಾಯಿ ಮುಚ್ಚಿದಾಗ ಅಳೆಯೋಕೆ ಉದ್ದಾನೇ ಇಲ್ಲ, ಅದಕ್ಕೇ ಸೊನ್ನೆ ಸರಿ ಇತ್ತಲ್ವಾ?"

"ಸೋತವರೆಲ್ಲ ಒಂದೊಂದು ಕಥೆ ಹೇಳ್ತಾರಮ್ಮ. ಎರಡನೇ ಸಲ ಇಲ್ಲ."

"ಹಾಗಾದ್ರೆ ನಂದು ಬೇಡ, ನಿಮ್ದು ಕೊಡಿ! ಊಟ ಮುಗಿಯೋವರೆಗೂ ಈ ಜೇಬಲ್ಲಿರಲಿ, ಆಮೇಲೆ ಅಳೀರಿ. ಸರಿ ಬಂದ್ರೆ ನನ್ನದಕ್ಕೆ ನಾನೇ ಮೊಳೆ ಹೊಡೀತೀನಿ."

ಜನ ಹೋ ಎಂದರು. ಕಾಜ್ ತಮ್ಮ ಮೈಕ್ರೋಮೀಟರನ್ನು ಹೆಂಡತಿಗೂ ಮುಟ್ಟಲು ಕೊಟ್ಟವರಲ್ಲ.

"ಕೆಡವಿದ್ರೆ?"

"ಕೆಡವಿದ್ರೆ ಸಾಯೋವರೆಗೂ ಗರಗಸ ತಳ್ತೀನಿ."

ಅವರು ಮೂಗು ತಿಕ್ಕಿಕೊಂಡು ಕೊಟ್ಟೇಬಿಟ್ಟರು. ನನ್ನದು ತಣ್ಣನೆಯ ಕಲ್ಲಿನ ಮೇಲೆ ಮಲಗಿತು. ನಾನು ಮುಕ್ಕಾಲು ಗಂಟೆ ಕದಲದೆ ಕೂತೆ. ಒಂದು ಕೈ ಜೇಬಿನ ಮೇಲೆ, ಇನ್ನೊಂದರಲ್ಲಿ ಮಾಂಸ ತುಂಬಿದ ಪೆಪರೋನಿ ಬನ್ನು.

ಗಂಟೆ ಹೊಡೆಯಿತು. ಕಾಜ್ ತಮ್ಮದನ್ನು ಕಿತ್ತುಕೊಂಡು ಇಂಚಿನ ಗಟ್ಟಿಗೆ ಹಿಡಿದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಎರಡು ಗೆರೆ ಕಡಿಮೆ," ಎಂದರು ಮೆಲ್ಲಗೆ.

ಛಾವಣಿ ಹಾರಿಹೋಗುವಂಥ ಗದ್ದಲ! "ಕಾಜ್ ಅವರದಕ್ಕೂ ಮೊಳೆ! ಮೊಳೆ!" ಎಂದು ಓಟಿಸ್ ಸುತ್ತಿಗೆಯಿಂದ ಮೇಜು ಬಡಿದ. ಕಾಜ್ ತಲೆಯೆತ್ತದೆ ನನ್ನದನ್ನು ಎತ್ತಿಕೊಂಡರು. ಸೊನ್ನೆ. ಅರ್ಧ ಇಂಚು, ಸರಿ. ಒಂದು ಇಂಚು.

"ಗೆರೆಯ ಮೇಲೇ ಕೂತಿದೆ," ಎಂದರು.

ನಾನು ಕೂಗಿದ ಕೂಗು ರಸ್ತೆಗೂ ಕೇಳಿಸಿರಬೇಕು. ಕಾಜ್ ಮಾತ್ರ ನಗಲಿಲ್ಲ. ಓಟಿಸ್‌ನ ಕೈಯಿಂದ ಸುತ್ತಿಗೆ ಇಸಿದುಕೊಂಡರು.

"ಸೋತದ್ದು ಗೋಡೆಗೆ ಹೋಗ್ಲೇಬೇಕು. ಅದು ನಮ್ಮ ಕಟ್ಟಳೆ," ಎಂದರು. "ಇವತ್ತು ಸೋತದ್ದು ಒಂದೇ. ಆ ಜೇಬು ಕಿತ್ತು ಕೊಡಮ್ಮ."

ಪರ್ರನೆ ಹರಿದು ಕೊಟ್ಟೆ. ಹನ್ನೆರಡನೆಯ ಮೊಳೆಯನ್ನು ಅವರೇ ಹೊಡೆದರು. ಕೆಳಗೆ ನನ್ನ ಹೆಸರು ಬರೆದು, ಕೊಂಚ ತಡೆದು, ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆದರು.

"ನಿಮ್ಮದ್ಯಾಕೆ?" ಎಂದೆ.

"ಕೈಗವಸು ಹಾಕ್ಕೊಂಡೆ, ಬಿಸಿ ಇದೆ ಅಂತ ಗೊತ್ತಾಗ್ಲಿಲ್ಲ; ಎಲ್ಲಿತ್ತು ಅಂತಾನೂ ಕೇಳಲಿಲ್ಲ. ಇನ್ನೊಂದು ಗಳಿಗೆ ಆಗಿದ್ರೆ ಒಳ್ಳೇ ಸಾಮಾನಿಗೆ ಮೊಳೆ ಹೊಡೆಸಿಬಿಡ್ತಿದ್ದೆ." ಗೋಡೆಯಲ್ಲಿದ್ದ ಉಳಿದ ಹನ್ನೊಂದನ್ನು ಅವರು ಬಹಳ ಹೊತ್ತು ನೋಡುತ್ತಾ ನಿಂತರು.

ಸೋಮವಾರ ಬೆಳಿಗ್ಗೆ ನಾನು ಲೇತ್ ಮುಂದೆ ನಿಂತಾಗ ಗೋಡೆಯಲ್ಲಿ ಬರೀ ಜೇಬು ನೇತಾಡುತ್ತಿತ್ತು. ಆ ಹನ್ನೊಂದೂ ಎರಡನೇ ಪರೀಕ್ಷೆಗೆ ಕಾಯುತ್ತಾ ಕಾಜ್ ಅವರ ಕಲ್ಲಿನ ಮೇಲೆ ತಣ್ಣಗೆ ಮಲಗಿದ್ದವು.